ಇನ್ನೊಂದು ಯೂನಿಟ್

ನಶ್ಯದ ವಾಸನೆ ಬಂದರೆ ಬೇರೆಯವರಿಗೆ ಸೀನು ಬರುತ್ತದೆ, ನನಗೆ ಸಿಟ್ಟು ಬರುತ್ತದೆ. ಮೊನ್ನೆ ಚಿಕ್ಕಬಳ್ಳಾಪುರದಲ್ಲಿ ಚಿಂತಾಮಣಿಯ ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಿದ್ದೆ. ಮುಂದಿನ ಸೀಟಿನಲ್ಲಿ ಒಬ್ಬ ಹಿರಿಯರು, ಪಕ್ಕದಲ್ಲಿ ಅವರ ಹೆಂಡತಿ. ಬಸ್ಸು ಶಿಡ್ಲಘಟ್ಟ ದಾಟುವ ಹೊತ್ತಿಗೆ ಅವರು ಅಂಗಿಯ ಜೇಬಿನಿಂದ ಸಣ್ಣ ತಗಡಿನ ಡಬ್ಬಿ ತೆಗೆದು, ಮುಚ್ಚಳದ ಮೇಲೆ ಬೆರಳಿನಿಂದ ತಟ್ಟಿ, ಒಂದು ಚಿಟಿಕೆ ಏರಿಸಿದರು. ಆಮೇಲೆ ಮೂಗು ಒರೆಸಿಕೊಂಡು, ಮಡಚಿಟ್ಟಿದ್ದ ಪತ್ರಿಕೆ ಬಿಡಿಸಿ, ಹೆಂಡತಿಗೆ ಕೇಳುವಂತೆ ಗಟ್ಟಿಯಾಗಿ ಓದತೊಡಗಿದರು. ಹೊಸ ಅಣೆಕಟ್ಟು ಕಟ್ಟದೆ, ಸರ್ಕಾರದ ಹಳೆಯ ಅಣೆಕಟ್ಟುಗಳಿಂದಲೇ ಇನ್ನಷ್ಟು ವಿದ್ಯುತ್ ತೆಗೆಯುತ್ತಾರೆಂಬ ಸುದ್ದಿ ಅದು.

ನಶ್ಯ, ಗಟ್ಟಿಯಾಗಿ ಓದುವ ದನಿ, ಅಣೆಕಟ್ಟು. ಮೂರೂ ಒಟ್ಟಿಗೆ ಸೇರಿದರೆ ನನಗೆ ನೆನಪಾಗುವವರು ಒಬ್ಬರೇ. ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಒಳಗಿದ್ದ ಒಂದು ಹಳ್ಳಿಯ ಪಂಚಾಯ್ತಿ ಛೇರ್ಮನ್ನರು. ಅವರು ಹೋಗಿ ಬಹಳ ವರ್ಷಗಳಾದವು. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ.

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಚಿಂತಾಮಣಿಯಲ್ಲಿದ್ದುಕೊಂಡು ಬೆಂಗಳೂರಿನ ಒಂದು ಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದೆ. ಸುತ್ತಲಿನ ಹಳ್ಳಿಗಳಲ್ಲಿ ನನ್ನ ಹೆಸರು ಯಾರಿಗೂ ಬೇಕಿರಲಿಲ್ಲ, 'ಪೇಪರಪ್ಪ' ಎಂದರೆ ಸಾಕಿತ್ತು. ಛೇರ್ಮನ್ನರು ಮಾತ್ರ ನನ್ನನ್ನು 'ಪ್ರೆಸ್ಸಿನವರು' ಎಂದು ಕರೆಯುತ್ತಿದ್ದರು. ತಮ್ಮನ್ನು ಬೇರೆಯವರು ಗೌರವದಿಂದ ಕರೆಯಬೇಕಾದರೆ ತಾವೂ ಒಂದಿಬ್ಬರನ್ನು ಹಾಗೆ ಕರೆಯಬೇಕು ಎನ್ನುವಷ್ಟು ಲೋಕಜ್ಞಾನ ಅವರಿಗಿತ್ತು.

ಎತ್ತರದ ಆಳು. ಪಂಚೆಯ ಮೇಲೆ ಕರಿ ಕೋಟು, ಬೇಸಿಗೆಯಲ್ಲೂ. ಸಂಜೆಯಾದರೆ ಊರ ನಡುವಿನ ಅಂಗಡಿಯ ಜಗಲಿಗೆ ಬಂದು ಕೂರುವರು. ಆ ಊರಿಗೆ ಪತ್ರಿಕೆಯ ಒಂದೇ ಒಂದು ಪ್ರತಿ ಬರುತ್ತಿತ್ತು, ಅವರ ಹೆಸರಿಗೆ. ಡಬ್ಬಿ ತಟ್ಟಿ, ನಶ್ಯ ಏರಿಸಿ, ಅವರು ಪತ್ರಿಕೆ ಬಿಡಿಸಿದರೆಂದರೆ ಜಗಲಿಯ ಸುತ್ತ ಮಾತು ನಿಲ್ಲುತ್ತಿತ್ತು. ಕನ್ನಡದಲ್ಲಿ ಒಂದು ಸಾಲು ಓದುವುದು, ಅದನ್ನೇ ತೆಲುಗಿನಲ್ಲಿ ಹೇಳುವುದು. ಆ ಊರಿನ ಮನೆಮಾತು ತೆಲುಗು. ಕನ್ನಡ ಎಲ್ಲರಿಗೂ ತಿಳಿಯುತ್ತಿತ್ತು, ಆದರೆ ಅಚ್ಚಿನ ಕನ್ನಡ ತಿಳಿಯುತ್ತಿದ್ದವರು ಕಡಿಮೆ. ನಾನೇ ಬರೆದ ಒಣ ವರದಿಯನ್ನು ಅವರ ಬಾಯಲ್ಲಿ ಕೇಳಿ, ಇಷ್ಟು ಚೆನ್ನಾಗಿದೆಯೇ ಎಂದುಕೊಂಡದ್ದುಂಟು. ಅವರ ದನಿ ಒಳ್ಳೆಯದಿತ್ತು. ಅವರ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಅದೊಂದೇ, ಅದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ.

ಸರ್ಕಾರದವರು ಒಂದು ಸಲ ತಾಲ್ಲೂಕಿನ ಛೇರ್ಮನ್ನರನ್ನೆಲ್ಲ ಬಸ್ಸಿನಲ್ಲಿ ತುಂಬಿ, ಮಲೆನಾಡಿನ ಕಡೆಯ ಅಣೆಕಟ್ಟೊಂದನ್ನೂ ಅದರ ಕೆಳಗಿನ ವಿದ್ಯುದಾಗಾರವನ್ನೂ ತೋರಿಸಿಕೊಂಡು ಬಂದಿದ್ದರು. ಅದೇ ಬಸ್ಸಿನಲ್ಲಿ ಹೋಗಿದ್ದ ಪಕ್ಕದೂರಿನ ಛೇರ್ಮನ್ನರು ನನಗೆ ಹೇಳಿದ ಪ್ರಕಾರ, ಯಂತ್ರಗಳನ್ನು ತೋರಿಸುವ ಹೊತ್ತಿನಲ್ಲಿ ನಮ್ಮ ಛೇರ್ಮನ್ನರು ಊಟದ ಸಾಲಿನಲ್ಲಿದ್ದರು. ಅಲ್ಲಿ ಊಟಕ್ಕೆ ಪಾಯಸವಿತ್ತಂತೆ. ಆದರೆ ಊರಿಗೆ ಮರಳಿದ ಮೇಲೆ ಅವರ ಪ್ರತಿ ಮಾತೂ ಒಂದೇ ರೀತಿ ಶುರುವಾಗುತ್ತಿತ್ತು. "ನಾನು ಡ್ಯಾಮ್ ನೋಡಿ ಬಂದೋನು ಕಣಪ್ಪ." ರಾಗಿಗೆ ರೋಗ ಬಿದ್ದರೂ ಹಾಗೆ, ಎರಡು ಮನೆಗಳ ನಡುವೆ ಬೇಲಿಯ ಜಗಳ ಬಂದರೂ ಹಾಗೆ. ಡ್ಯಾಮ್ ನೋಡಿ ಬಂದವರ ಎದುರು ಯಾರು ಏನು ಹೇಳಲಾದೀತು?

ಅದೇ ಊರಿನಲ್ಲಿ ಮುನಿವೆಂಕಟಮ್ಮ ಎಂಬ ಹೆಂಗಸು ಇದ್ದಳು. ಅವಳಿಗೆ ಕೆರೆಯ ಹಿಂದೆ ಒಂದು ಬಾವಿ, ಬಾವಿಯ ಸುತ್ತ ತರಕಾರಿ ಬೆಳೆಯುವ ತೋಟ. ನೀರೆತ್ತುತ್ತಿದ್ದದ್ದು ಏತದಿಂದ. ಏತ ಈಗಿನವರಿಗೆ ಗೊತ್ತಿರಲಾರದು. ನೆಟ್ಟ ಕಂಬದ ತಲೆಯ ಮೇಲೆ ಅಡ್ಡಲಾಗಿ ಉದ್ದನೆಯ ಮರ, ಅದರ ಬಾವಿಯ ಕಡೆಯ ತುದಿಗೆ ಬಕೀಟು. ಒಬ್ಬ ಆ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆಯಬೇಕು. ಅವನು ಬಾವಿಯ ಕಡೆಗೆ ನಡೆದರೆ ಬಕೀಟು ನೀರಿಗಿಳಿಯುತ್ತದೆ, ಹಿಂದಕ್ಕೆ ನಡೆದರೆ ತುಂಬಿಕೊಂಡು ಮೇಲೆ ಬರುತ್ತದೆ. ಕೆಳಗೆ ನಿಂತ ಇನ್ನೊಬ್ಬರು ಅದನ್ನು ಕಾಲುವೆಗೆ ಬಗ್ಗಿಸುತ್ತಾರೆ. ಮರದ ಮೇಲಿನವನಿಗೆ ಆಧಾರವೆಂದರೆ ಪಕ್ಕದಲ್ಲಿ ನೆಟ್ಟ ಒಂದು ಬಿದಿರಿನ ಗಳು. ಮುನಿವೆಂಕಟಮ್ಮನ ಗಂಡ ಆ ಮರದಿಂದ ಜಾರಿ ಬಾವಿಯ ಕಲ್ಲಿನ ಮೇಲೆ ಬಿದ್ದು ಸತ್ತಿದ್ದ. ಈಗ ಆ ಮರದ ಮೇಲೆ ಅವಳ ಒಬ್ಬನೇ ಮಗ ನಾರಾಯಣಪ್ಪ ನಡೆಯುತ್ತಿದ್ದ. ಅವಳು ಕೆಳಗೆ ನಿಂತು ಬಕೀಟು ಬಗ್ಗಿಸುತ್ತ, ಅವನ ಪಾದಗಳಿಂದ ಕಣ್ಣು ತೆಗೆಯುತ್ತಿರಲಿಲ್ಲ. ಒಂದು ಸಲ ನಾನು ಅಲ್ಲಿಗೆ ಹೋದಾಗ ಮಾತಾಡಿಸಿದ್ದಕ್ಕೆ ತಲೆ ತಿರುಗಿಸದೆಯೇ ಉತ್ತರ ಕೊಟ್ಟಿದ್ದಳು.

"ಒಂದು ಮೋಟ್ರು ಬಂದ್ರೆ ಸಾಕಪ್ಪ. ಇವನನ್ನ ಕೆಳಗಿಳಿಸ್ತೀನಿ."

ಆ ಮೋಟಾರು ಬರುವ ಕಾಲ ಹತ್ತಿರವಾಗಿತ್ತು. ಛೇರ್ಮನ್ನರು ನೋಡಿಬಂದಿದ್ದ ಅಣೆಕಟ್ಟಿನಲ್ಲೇ, ಕಟ್ಟುವಾಗಲೇ ಜಾಗ ಬಿಟ್ಟಿದ್ದ ಕಡೆ, ಇನ್ನೊಂದು ಯಂತ್ರ ಕೂಡಿಸುವ ಕೆಲಸ ನಡೆಯುತ್ತಿತ್ತು. ಅದರಿಂದ ಹೆಚ್ಚುವ ವಿದ್ಯುತ್ತಿನಲ್ಲಿ ನಮ್ಮ ಕಡೆಯ ಕೆಲವು ಹಳ್ಳಿಗಳಿಗೆ ಪಾಲು. ಯಾವ ಊರಿನಲ್ಲಿ ಬಾವಿಗೆ ಮೋಟಾರು ಇಡಿಸಲು ಸಾಕಷ್ಟು ಜನ ಮುಂದೆ ಬರುತ್ತಾರೋ ಆ ಊರಿಗೆ ಮೊದಲು ಕಂಬ. ಇದನ್ನು ತಿಳಿಸಲು ಇಂಜಿನಿಯರೊಬ್ಬರು ಜೀಪಿನಲ್ಲಿ ಊರೂರು ತಿರುಗುತ್ತಿದ್ದರು. ಅವರು ಮೈಸೂರಿನ ಕಡೆಯವರು, ತೆಲುಗು ಬಾರದು.

ಆ ಊರಿನ ಸಭೆಗೆ ನಾನು ಹೋಗಿರಲಿಲ್ಲ. ಅಲ್ಲಿದ್ದ ಮೂವರನ್ನು ಬೇರೆಬೇರೆಯಾಗಿ ಕೇಳಿ ತಿಳಿದದ್ದನ್ನು ಬರೆಯುತ್ತಿದ್ದೇನೆ. ಮೂವರ ಮಾತೂ ಒಂದೇ ಆಗಿತ್ತು.

ಶಾಲೆಯ ಜಗಲಿಯ ಮೇಲೆ ಇಂಜಿನಿಯರು ಹೀಗೆಂದರು. "ಡ್ಯಾಮ್ ಹಳೇದೇ. ಹೊಸದಾಗಿ ಏನೂ ಕಟ್ಟಲ್ಲ. ಇನ್ನೊಂದು ಯೂನಿಟ್ ಕೂಡಿಸ್ತೀವಿ, ಅಷ್ಟೇ."

ಛೇರ್ಮನ್ನರು ಎದ್ದು ನಿಂತರು. "ಇವರಿಗೆ ತೆಲುಗಲ್ಲಿ ಹೇಳಿದ್ರೇನೇ ತಲೆಗೆ ಹೋಗೋದು ಸಾರ್. ನಾನು ಹೇಳ್ತೀನಿ ತಾಳಿ." ಜನರ ಕಡೆ ತಿರುಗಿ ಹೇಳಿದರು. "ಇಂಕೊಕ ಯೂನಿಟ್ ಎಕ್ಕುವ ಚೇಸ್ತಾರಂಟ." ಇನ್ನೊಂದು ಯೂನಿಟ್ ಹೆಚ್ಚು ಮಾಡುತ್ತಾರಂತೆ.

ಯೂನಿಟ್ ಎಂಬ ಪದ ಆ ಜನಕ್ಕೆ ಹೊಸದಲ್ಲ. ತರಕಾರಿ ಹಾಕಲು ಚಿಂತಾಮಣಿಯ ಮಂಡಿಗೆ ಹೋದವರು ಅಲ್ಲಿ ಗೋಡೆಯ ಮೇಲಿನ ಮೀಟರು ನೋಡಿದ್ದರು. ಮಂಡಿಯ ಸಾಹುಕಾರರು ಇಷ್ಟು ಯೂನಿಟ್ ಆಯಿತು, ಅಷ್ಟು ಯೂನಿಟ್ ಆಯಿತು ಎಂದು ತಿಂಗಳು ತಿಂಗಳು ಗೊಣಗುವುದನ್ನೂ ಕೇಳಿದ್ದರು. ಅವರ ಪಾಲಿಗೆ ಯೂನಿಟ್ ಎಂದರೆ ಸರ್ಕಾರ ಜೇಬಿನಿಂದ ಕಿತ್ತುಕೊಳ್ಳುವ ಒಂದು ಅಳತೆ.

"ಎವರಿಕಿ?" ಯಾರಿಗೆ ಹೆಚ್ಚು ಎಂದು ಹಿಂದಿನಿಂದ ಒಬ್ಬ ಕೇಳಿದ.

ಛೇರ್ಮನ್ನರಿಗೆ ಗೊತ್ತಿರಲಿಲ್ಲ. ಪಕ್ಕದಲ್ಲೇ ಇಂಜಿನಿಯರು ಇದ್ದರು, ತಿರುಗಿ ಕೇಳಬಹುದಿತ್ತು. ಕೇಳಲಿಲ್ಲ.

"ಅಂದರಿಕೀ," ಎಂದರು. ಎಲ್ಲರಿಗೂ.

"ದೀಪ ಹಚ್ಚದಿದ್ರೂ?" ಇದೂ ತೆಲುಗಿನಲ್ಲೇ, ಮುಂದಿನ ಉತ್ತರವೂ.

"ಹಚ್ಚಿದ್ರೂ ಒಂದು, ಹಚ್ಚದಿದ್ರೂ ಒಂದು. ನಾನು ಡ್ಯಾಮ್ ನೋಡಿ ಬಂದೋನು."

ಜನ ಒಬ್ಬರ ಮುಖ ಒಬ್ಬರು ನೋಡಿ, ಕಂಬ ಬಂದರೆ ದೀಪ ಹಚ್ಚದ ಮನೆಗೂ ಒಂದು ಯೂನಿಟ್ಟಿನ ದುಡ್ಡು ಬೀಳುತ್ತದೆಂದು ಗುಜುಗುಜು ಮಾತಾಡಿದರು. ಇಂಜಿನಿಯರು ಅದನ್ನು ಸಂತೋಷವೆಂದು ತಿಳಿದು ನಗುತ್ತ ತಲೆಯಾಡಿಸಿದರಂತೆ. ಅವರ ತಲೆಯಾಟ ನೋಡಿ ಜನಕ್ಕೆ ಇದ್ದ ಕೊನೆಯ ಅನುಮಾನವೂ ಹೋಯಿತು. ಮೋಟಾರು ಬೇಕಾದವರು ಕೈಯೆತ್ತಿ ಎಂದಾಗ ಎದ್ದದ್ದು ಒಂದೇ ಕೈ, ಮುನಿವೆಂಕಟಮ್ಮನದು.

"ಇಳಿಸಮ್ಮ ಕೈನ," ಎಂದರು ಛೇರ್ಮನ್ನರು. "ನಿನ್ನೊಬ್ಬಳಿಗೋಸ್ಕರ ಅಲ್ಲಿಂದ ತಂತಿ ಎಳೀತಾರಾ?"

ಜನ ನಕ್ಕರು. ಅವಳು ಕೈ ಇಳಿಸಲಿಲ್ಲವಂತೆ. ಇಂಜಿನಿಯರು ಜೀಪು ಹತ್ತುವವರೆಗೂ ಹಾಗೇ ಎತ್ತಿಕೊಂಡಿದ್ದಳಂತೆ...

ಎಲ್ಲ ಊರುಗಳೂ ಬೇಕು ಬೇಕು ಎನ್ನುತ್ತಿರುವಾಗ ಇದೊಂದು ಊರು ಬೇಡವೆಂದಿದೆ ಎಂದು ಕೇಳಿ, ಕಾರಣ ತಿಳಿಯಲು ನಾನು ಅಲ್ಲಿಗೆ ಹೋದೆ. ನಾಲ್ಕು ಮಾತು ಆಡುವಷ್ಟರಲ್ಲಿ ತಪ್ಪು ಎಲ್ಲಾಗಿದೆಯೆಂದು ತಿಳಿಯಿತು. ನೇರವಾಗಿ ಛೇರ್ಮನ್ನರ ಮನೆಗೆ ಹೋದೆ. ಕಾಫಿ ಕೊಟ್ಟರು. ಆ ವಿಷಯದಲ್ಲಿ ಕೊರತೆ ಮಾಡುವವರಲ್ಲ.

"ಆ ಯೂನಿಟ್ಟು ಮೀಟರಿಂದಲ್ಲ," ಎಂದೆ. "ಡ್ಯಾಮಲ್ಲಿ ಕೂಡಿಸೋ ಮಿಷನ್ನು. ನೀರು ಬಿಟ್ರೆ ತಿರುಗಿ ಕರೆಂಟು ಹುಟ್ಟಿಸುತ್ತಲ್ಲ, ಅದಕ್ಕೂ ಯೂನಿಟ್ ಅಂತಾರೆ."

ಅವರ ಕೈ ಡಬ್ಬಿಯ ಮೇಲೆ ನಿಂತಿತು. ಅವರಿಗೆ ಅರ್ಥವಾಯಿತು. ಅದನ್ನು ನಾನು ಕಣ್ಣಾರೆ ಕಂಡೆ. ಈ ಲೇಖನದಲ್ಲಿ ನನಗೆ ಪೂರ್ತಿ ಖಚಿತವಾಗಿರುವ ಸಂಗತಿಯೆಂದರೆ ಅದು. ಆಮೇಲೆ ಡಬ್ಬಿಯನ್ನು ತಟ್ಟಿದರು.

"ನನಗೆ ಗೊತ್ತಿಲ್ವಾ ಅದು?"

"ಹಾಗಾದ್ರೆ ಜನಕ್ಕೆ ಹೇಳಿಬಿಡಿ. ಇನ್ನೂ ಹೊತ್ತು ಮೀರಿಲ್ಲ."

"ಏನಂತ ಹೇಳ್ಲಿ? ಮೊನ್ನೆ ಹೇಳಿದ್ದು ತಪ್ಪು ಅಂತಲಾ?"

"ಪತ್ರಿಕೆಯಲ್ಲಿ ತಪ್ಪಾದ್ರೆ ಮಾರನೇ ದಿನ ತಿದ್ದುಪಡಿ ಅಂತ ಹಾಕ್ತೀವಿ. ಅದರಿಂದ ಯಾವ ಪತ್ರಿಕೆಯೂ ಮುಚ್ಚಿಲ್ಲ."

"ನಿಮಗೇನು ಸ್ವಾಮಿ, ಬಸ್ ಹತ್ತಿ ಹೋಗ್ತೀರ. ನಾನು ಇದೇ ಊರಲ್ಲಿ ಓಡಾಡ್ಬೇಕು. ಒಂದ್ಸಲ ತಪ್ಪು ಅಂದ್ರೆ, ನಾಳೆ ನಾನು ಮಳೆ ಬರುತ್ತೆ ಅಂದ್ರೂ ಯಾವನೂ ಕಣದಲ್ಲಿರೋ ರಾಗಿ ಮುಚ್ಚಲ್ಲ." ನಶ್ಯ ಏರಿಸಿದರು. "ಹೇಳಿದ್ದು ಹೇಳಾಯ್ತು ಬಿಡಿ. ಕಾಫಿ ಆರ್‍ತಾ ಇದೆ."

ಲಂಚ ತಿಂದು ಹೀಗೆ ಮಾಡಿದ್ದರೆ ನನಗೆ ಅರ್ಥವಾಗುತ್ತಿತ್ತು. ಯಾರ ಮೇಲಾದರೂ ಹಗೆಯಿಂದ ಮಾಡಿದ್ದರೂ ಅರ್ಥವಾಗುತ್ತಿತ್ತು. ಈ ಮನುಷ್ಯರಿಗೆ ಅದರಿಂದ ಏನೂ ಸಿಗುವಂತಿರಲಿಲ್ಲ. ಅವರದೇ ಎರಡು ಬಾವಿಗಳಿದ್ದವು, ಊರು ಬೇಕೆಂದಿದ್ದರೆ ಅವಕ್ಕೂ ಕರೆಂಟು ಬರುತ್ತಿತ್ತು. ತಮ್ಮ ಬಾವಿಗಳನ್ನೂ ಕತ್ತಲಲ್ಲಿಟ್ಟು ತಮ್ಮ ಮಾತನ್ನು ಉಳಿಸಿಕೊಳ್ಳಲು ಅವರು ತಯಾರಿದ್ದರು. ಆ ಮಾತಿಗಾದರೂ ಏನು ತೂಕ? ಪಾಯಸದ ಸಾಲಿನಲ್ಲಿ ನಿಂತು ಸಂಪಾದಿಸಿದ ಮಾತು.

ವಾಪಸು ಬರುವಾಗ ಮುನಿವೆಂಕಟಮ್ಮ ರಸ್ತೆಯ ತನಕ ನನ್ನ ಜೊತೆ ಬಂದಳು. ಎಲ್ಲವನ್ನೂ ಅವಳಿಗೆ ಬಿಡಿಸಿ ಹೇಳಿದೆ.

"ನಾನು ಹೇಳಿದ್ರೆ ಹೆಂಗ್ಸು, ಇವಳಿಗೇನು ಗೊತ್ತು ಅಂತಾರೆ. ನೀನು ಹೇಳಿದ್ರೆ ಹೊರಗಿನೋನು ಅಂತಾರೆ. ಪೇಪರಲ್ಲಿ ಹಾಕು ಪೇಪರಪ್ಪ. ಪೇಪರಲ್ಲಿ ಬಂದಿದ್ದನ್ನ ನಮ್ಮೂರೋರು ನಂಬ್ತಾರೆ. ಸಾಯಂಕಾಲ ಆಯಪ್ಪನೇ ಓದಿ ಹೇಳ್ಬೇಕಲ್ಲ, ಆವಾಗೇನ್ಮಾಡ್ತಾನೆ?"

ಬರೆದು ಕಳಿಸಿದೆ. ಎರಡೇ ಪ್ಯಾರಾ. ಅಣೆಕಟ್ಟಿನ ಯೂನಿಟ್ ಎಂದರೆ ವಿದ್ಯುತ್ ಉತ್ಪಾದಿಸುವ ಯಂತ್ರ. ಅದಕ್ಕೂ ಗ್ರಾಹಕರ ಮೀಟರಿಗೂ ಸಂಬಂಧವಿಲ್ಲ. ಅದು ಹೆಚ್ಚಿದರೆ ಯಾರ ಬಿಲ್ಲೂ ಹೆಚ್ಚುವುದಿಲ್ಲ. ಯಾರ ಹೆಸರನ್ನೂ ಹಾಕಲಿಲ್ಲ, ಯಾವ ಊರೆಂದೂ ಹೇಳಲಿಲ್ಲ. ಅವರ ಮರ್ಯಾದೆ ಉಳಿಯುವಂತೆಯೇ ಬರೆದಿದ್ದೆ. ಒಳಪುಟದಲ್ಲಿ, ಬಾವಿಗೆ ಬಿದ್ದ ಚಿರತೆಯನ್ನು ಜನ ಮೇಲೆತ್ತಿದ ಸುದ್ದಿಯ ಕೆಳಗೆ ಅಚ್ಚಾಯಿತು.

ಆ ಸಂಜೆ ಮುನಿವೆಂಕಟಮ್ಮ ಮಗನನ್ನೂ ಕರೆದುಕೊಂಡು ಜಗಲಿಯ ಹತ್ತಿರ ಹೋಗಿ ಕೂತಳಂತೆ. ಹೆಂಗಸರು ಅಲ್ಲಿ ಕೂರುವ ರೂಢಿಯಿರಲಿಲ್ಲ. ಛೇರ್ಮನ್ನರು ಡೆಲ್ಲಿಯ ಸುದ್ದಿ ಓದಿದರು. ರಾಗಿಯ ಧಾರಣೆ ಓದಿದರು. ಚಿರತೆಯ ಸುದ್ದಿಯನ್ನು, ಜನ ಕೇಳಿಕೊಂಡರೆಂದು, ಎರಡನೇ ಸಲ ಓದಿದರು. ಚಿರತೆ ಮೇಲೆ ಬಂತು, ಓಡಿಹೋಯಿತು, ಸುದ್ದಿ ಮುಗಿಯಿತು. ಅದರ ಮುಂದಿನ ಸಾಲೇ ನನ್ನದು. ಅವರು ಪತ್ರಿಕೆ ಮಡಚಿದರು.

"ಇನ್ನೇನಿಲ್ವಾ ಛೇರ್ಮನ್ನರೇ, ಪೇಪರಲ್ಲಿ?" ಎಂದು ಮುನಿವೆಂಕಟಮ್ಮ ಕೇಳಿದಳು.

"ಇನ್ನೇನಿರುತ್ತಮ್ಮ. ಬರೀ ಜಾಹೀರಾತು."

ಇದನ್ನು ಹೇಳುವಾಗಲೂ ಅವರ ದನಿ ಎಂದಿನಂತೆ ಚೆನ್ನಾಗಿಯೇ ಇತ್ತಂತೆ. ನನಗೆ ಇದನ್ನು ಹೇಳಿದ ನಾರಾಯಣಪ್ಪ, ದನಿಗೆ ತೆಲುಗಿನ 'ಗೊಂತು' ಎಂಬ ಪದ ಹಿಡಿದು, ಅದೊಂದನ್ನು ಮತ್ತೆ ಮತ್ತೆ ಹೇಳಿದ. "ಗೊಂತು ಒಂಚೂರೂ ಅಲ್ಲಾಡ್ಲಿಲ್ಲ ಸಾರ್."

ಚಿಂತಾಮಣಿಯಲ್ಲಿ ಇಂಜಿನಿಯರನ್ನೂ ಕಂಡೆ. ಅವರು ಫೈಲಿನಿಂದ ತಲೆಯೆತ್ತಿ, "ಬೇಡ ಅಂದ್ರು, ಬೇಡ ಅಂತ ಬರಕೊಂಡೆ. ಛೇರ್ಮನ್ನರೇ ಬಂದು ಹೇಳ್ಲಿ, ನೋಡೋಣ" ಎಂದರು. ಒಂದು ಪದವನ್ನು ಬಿಡಿಸಿ ಹೇಳಲು ಅವರು ಇನ್ನೊಂದು ಸಲ ಜೀಪು ಹತ್ತಬೇಕಾಗಿತ್ತು. ಹತ್ತಲಿಲ್ಲ. ಪತ್ರಿಕೆಯ ಒಂದು ಪ್ರತಿ ಹಿಡಿದುಕೊಂಡು ನಾನೇ ಮತ್ತೆ ಆ ಊರಿಗೆ ಹೋಗುವಷ್ಟರಲ್ಲಿ, ಕಂಬ ಹೊತ್ತ ಲಾರಿಗಳು ಪಕ್ಕದೂರಿನ ದಾರಿ ಹಿಡಿದಿದ್ದವು.

ಅಣೆಕಟ್ಟಿನಲ್ಲಿ ಆ ಯಂತ್ರ ತಿರುಗಿತು. ಪಕ್ಕದೂರಿನ ಬಾವಿಗಳಲ್ಲಿ ಮೋಟಾರುಗಳು ಕೂಗತೊಡಗಿದವು. ಬೆಳಗಿನ ಹೊತ್ತು ಏತದ ಮರದ ಮೇಲೆ ನಿಂತರೆ ಆ ಸದ್ದು ಚೆನ್ನಾಗಿ ಕೇಳಿಸುತ್ತಿತ್ತು ಎಂದು ನಾರಾಯಣಪ್ಪ ಹೇಳುತ್ತಿದ್ದ. ಮರುವರ್ಷದ ಮಾಗಿಯಲ್ಲಿ, ಇಬ್ಬನಿಗೆ ಮರ ಒದ್ದೆಯಾಗಿದ್ದ ಒಂದು ಬೆಳಗ್ಗೆ, ಅವನ ಕಾಲು ಜಾರಿತು. ತಾಯಿ ಪಾದಗಳನ್ನೇ ನೋಡುತ್ತಿದ್ದಳು. ನೋಡುತ್ತಿದ್ದರೆ ಏನು ಬಂತು? ಸಾಯಲಿಲ್ಲ. ತೊಡೆಯ ಮೂಳೆ ಮುರಿಯಿತು. ನಾಟಿ ವೈದ್ಯರು ಬಿದಿರಿನ ದಬ್ಬೆ ಕಟ್ಟಿ ಕೂಡಿಸಿದರು. ಕೂಡಿತು, ಆದರೆ ಆ ಕಾಲು ಗಿಡ್ಡವಾಯಿತು. ತೋಟ ಬೀಳು ಬಿತ್ತು. ಅವನು ಮುರುಗಮಲ್ಲದಲ್ಲಿ, ದರ್ಗಾಕ್ಕೆ ಬರುವವರಿಗೆ ಹೂವು, ಸಕ್ಕರೆ ಮಾರುವ ಅಂಗಡಿಯಲ್ಲಿ ಕೂತ. ಕೂತು ಮಾಡುವ ಕೆಲಸ ಬೇಕಿತ್ತು, ಅಂಗಡಿಯ ಸಾಬರು ಕೊಟ್ಟರು.

ಅವನನ್ನು ನೋಡಲು ಛೇರ್ಮನ್ನರು ಬಂದಿದ್ದರಂತೆ. ಒಂದು ಗೊನೆ ಬಾಳೆಹಣ್ಣು ತಂದಿದ್ದರು. "ಹುಷಾರಾಗಿ ಹೆಜ್ಜೆ ಇಡಬೇಕಪ್ಪ," ಎಂದು ಬುದ್ಧಿ ಹೇಳಿ ಹೋದರಂತೆ.

ದಶಕದ ಕೊನೆಗೆ ಆ ಊರಿಗೂ ಕಂಬ ಬಂದವು. ಅಣೆಕಟ್ಟಿನಲ್ಲಿ ಮತ್ತೂ ಒಂದು ಯಂತ್ರ ಕೂಡಿಸಿದ್ದರು. ಈ ಸಲ ಕೈಯೆತ್ತಿಸುವ ಸಭೆಯೇನೂ ನಡೆಯಲಿಲ್ಲ. ಶಾಲೆಯ ಜಗಲಿಯಲ್ಲಿ ದೀಪ ಹತ್ತಿಸುವ ಸಮಾರಂಭ. ಇದಕ್ಕೆ ನಾನು ಹೋಗಿದ್ದೆ, ವರದಿ ಮಾಡಲು. ಛೇರ್ಮನ್ನರೇ ಗುಂಡಿ ಒತ್ತಿದರು. ಕೊರಳಲ್ಲಿ ಚೆಂಡುಹೂವಿನ ಹಾರ, ಅದೇ ಕೋಟು. ಭಾಷಣದಲ್ಲಿ ಅವರು ಹೇಳಿದ್ದನ್ನು ಅಲ್ಲೇ ಬರೆದುಕೊಂಡೆ.

"ಯೂನಿಟ್ ಅಂದ್ರೆ ಏನು ಅಂತ ಒಂದು ಕಾಲದಲ್ಲಿ ಈ ಊರಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಯೂನಿಟ್ ಅಂದ್ರೆ ಮಿಷನ್ನು. ಡ್ಯಾಮ್‌ನಲ್ಲಿ ನೀರು ಬಿದ್ದು ತಿರುಗೋ ಮಿಷನ್ನು. ನಾನು ನೋಡಿ ಬಂದೋನು."

ಜನ ಚಪ್ಪಾಳೆ ತಟ್ಟಿದರು. ಅವರಲ್ಲಿ ಅರ್ಧ ಜನ ಹಿಂದಿನ ಸಭೆಯಲ್ಲೂ ಇದ್ದವರೇ. ಆ ಚಪ್ಪಾಳೆಯನ್ನೂ ನಾನು ಮರೆತಿಲ್ಲ. ಹಿಂದೆ ಗೋಡೆಗೆ ಒರಗಿ ನಾರಾಯಣಪ್ಪ ನಿಂತಿದ್ದ, ಭಾರವೆಲ್ಲ ಒಂದೇ ಕಾಲಿನ ಮೇಲೆ. ಪಕ್ಕದಲ್ಲಿ ತಾಯಿ. ಮಂಡಕ್ಕಿ ಹಂಚುವಾಗ ಛೇರ್ಮನ್ನರು ಅವರ ಹತ್ತಿರ ಬಂದರು.

"ಏನಮ್ಮ, ಬಂತಾ ನಿನ್ನ ಕರೆಂಟು?"

"ಬಂತು ಛೇರ್ಮನ್ನರೇ. ಯೂನಿಟ್ ಅಂದ್ರೆ ಮಿಷನ್ನು ಅಂತ ಹೇಳಿದ್ರಲ್ಲ."

"ಹೌದು ಮತ್ತೆ."

"ಅವತ್ತು ಏನಾಗಿತ್ತು ಅದು?"

ಛೇರ್ಮನ್ನರು ನಕ್ಕರು. ಡಬ್ಬಿ ತೆಗೆದರು, ತಟ್ಟಿದರು. "ಅವತ್ತಿಂದು ಬೇರೆ ಕಣಮ್ಮ," ಎಂದು ಮುಂದಿನವರ ಕಡೆ ನಡೆದರು. ಅವಳು ಮಂಡಕ್ಕಿಯನ್ನು ಮಗನ ಕೈಗೆ ಸುರಿದು, ಬರಿಗೈಯನ್ನು ಸೆರಗಿಗೆ ಒರೆಸಿಕೊಂಡಳು.

ಅವರು ತೀರಿಕೊಂಡಾಗ ನಾನು ಬೆಂಗಳೂರಿನ ಕಚೇರಿಗೆ ಬಂದಿದ್ದೆ. ಅವರ ಮನೆಯವರು ಕಳಿಸಿದ ನಿಧನ ವಾರ್ತೆ ನನ್ನ ಮೇಜಿಗೇ ಬಂತು. 'ಊರಿಗೆ ಬೆಳಕು ತಂದವರು' ಎಂದು ಬರೆದಿದ್ದರು. ಅದನ್ನು ಹೊಡೆದುಹಾಕಿ, ಉಳಿದದ್ದನ್ನು ಅಚ್ಚಿಗೆ ಕಳಿಸಿದೆ. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕೆಂಬ ನಿಯಮ ನಮ್ಮ ಕಚೇರಿಯಲ್ಲಿರಲಿಲ್ಲ, ಆಗದಿದ್ದದ್ದನ್ನು ಬರೆಯಬಾರದೆಂಬುದು ಇತ್ತು.

ಈಗ ಛೇರ್ಮನ್ನರು, ಆ ತಾಯಿ, ಮಗ ಮೂವರೂ ಇಲ್ಲ. ಮುನಿವೆಂಕಟಮ್ಮ ಹೋದಳು. ಬಹಳ ಕಾಲದ ಮೇಲೆ ನಾರಾಯಣಪ್ಪನೂ ಹೋದ. ಆ ಬಾವಿಯನ್ನು ಮುಚ್ಚಿ ಯಾರೋ ಮನೆ ಕಟ್ಟಿದ್ದಾರೆಂದು ಕೇಳಿದ್ದೇನೆ. ಆ ಯಂತ್ರ ಮಾತ್ರ ಇನ್ನೂ ಎಲ್ಲೋ ತಿರುಗುತ್ತಿರಬೇಕು... ಅಥವಾ ಹಳೆಯದಾಯಿತೆಂದು ಅದನ್ನೇ ಈಗ ಬದಲಿಸುತ್ತಿದ್ದಾರೋ ಏನೋ.

ಬಸ್ಸಿನಲ್ಲಿ ಮುಂದಿನ ಸೀಟಿನವರು ಸುದ್ದಿ ಓದಿ ಮುಗಿಸಿದ್ದರು. "ನೋಡು, ಹಳೇ ಡ್ಯಾಮ್‌ಗೆ ಇನ್ನೆರಡು ಯೂನಿಟ್ ಹಾಕ್ತಾರಂತೆ," ಎಂದರು ಹೆಂಡತಿಗೆ.

"ಅಂದ್ರೆ ನಮ್ಮ ಬಿಲ್ಲೂ ಜಾಸ್ತಿ ಬರುತ್ತಾ?" ಎಂದು ಆಕೆ ಕೇಳಿದರು.

ನಾನು ಕಿಟಕಿಯಿಂದ ಮುಖ ತಿರುಗಿಸಿದೆ. ಅವರು ಪತ್ರಿಕೆಯನ್ನು ಇನ್ನೊಮ್ಮೆ ನೋಡಿದರು, ಆಮೇಲೆ ಹೆಂಡತಿಯನ್ನು ನೋಡಿದರು. ಕೈಯಲ್ಲಿ ಡಬ್ಬಿ ಇತ್ತು. ತಟ್ಟಲಿಲ್ಲ.

"ಗೊತ್ತಿಲ್ಲ ಕಣೇ," ಎಂದರು. "ಯಾರನ್ನಾದ್ರೂ ಕೇಳಿ ಹೇಳ್ತೀನಿ."